ಕೇಳಿದವರಿಗಷ್ಟೇ ಸಿಗುವ ರಕ್ಷಣೆ

ಹೆಂಡತಿ ಕಾಣೆಯಾಗಿದ್ದಾರೆ ಎಂದು ದೂರು ಕೊಡಲು ಠಾಣೆಗೆ ಹೋದವರು ಕೊಲೆ ಆರೋಪಿಯಾಗಿ ಜೈಲು ಸೇರಿದರು. ಕೊಡಗಿನ ಕುಶಾಲನಗರ ತಾಲ್ಲೂಕಿನ ಆದಿವಾಸಿ ಕೂಲಿ ಕಾರ್ಮಿಕರೊಬ್ಬರ ಪ್ರಕರಣವಿದು. 2021ರಲ್ಲಿ ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಇವರ ಹೆಂಡತಿಯದೇ ಎಂದು ಪೊಲೀಸರು ತೀರ್ಮಾನಿಸಿದರು, ಕೊಂದವರು ಇವರೇ ಎಂದು ಆರೋಪಪಟ್ಟಿ ಸಲ್ಲಿಸಿದರು. ಡಿಎನ್‌ಎ ವರದಿ ಬಂದಾಗ ಆ ಮೂಳೆಗೂ ಆಕೆಯ ತಾಯಿಯ ರಕ್ತಕ್ಕೂ ತಾಳೆಯಾಗಲಿಲ್ಲ. ಆದರೂ ಮೊಕದ್ದಮೆ ನಡೆಯುತ್ತಲೇ ಇತ್ತು. 2025ರ ಏಪ್ರಿಲ್‌ನಲ್ಲಿ ಆ ಹೆಣ್ಣುಮಗಳು ಮಡಿಕೇರಿಯ ಹೋಟೆಲೊಂದರಲ್ಲಿ ಇವರ ಗೆಳೆಯರ ಕಣ್ಣಿಗೆ ಬಿದ್ದರು. ಸತ್ತಿದ್ದಾರೆನ್ನಲಾದವರನ್ನು ಜೀವಂತ ತಂದು ಮೈಸೂರಿನ ನ್ಯಾಯಾಲಯದ ಮುಂದೆ ನಿಲ್ಲಿಸಿದ ಮೇಲೆ ಆರೋಪಿ ನಿರ್ದೋಷಿ ಎಂದು ಬಿಡುಗಡೆಯಾದರು. ಒಂದು ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ನ್ಯಾಯಾಲಯ ಗೃಹ ಇಲಾಖೆಗೆ ಆದೇಶಿಸಿತು. ಅಷ್ಟರಲ್ಲಿ ಅವರು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಾಗಿತ್ತು.

ಈ ಪ್ರಕರಣದಲ್ಲಿ ಕಾಯ್ದೆಗೆ ಕೊರತೆ ಇರಲಿಲ್ಲ. ಬಂಧನದ ಕಾರಣ ತಿಳಿಯುವ ಹಕ್ಕು, ವಕೀಲರನ್ನು ಕಾಣುವ ಹಕ್ಕು, ಸುಮ್ಮನಿರುವ ಹಕ್ಕು, ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕು ಎಲ್ಲವೂ ಪುಸ್ತಕದಲ್ಲಿದ್ದವು. ಆದರೆ ನಮ್ಮಲ್ಲಿ ಇಂಥ ರಕ್ಷಣೆಗಳ ಪೈಕಿ ಹೆಚ್ಚಿನವು ಬಾಯಿ ಬಿಟ್ಟು ಕೇಳಿದವರಿಗೆ ಸಿಗುತ್ತವೆ. ಕೇಳದವರ ಪಾಲಿಗೆ ಅವು ಇದ್ದೂ ಇಲ್ಲದಂತೆ. ಓದು ಬರಹ ಇಲ್ಲದವರು, ಮಕ್ಕಳು, ವಯಸ್ಸಾದವರು, ಕಿವಿ ಕೇಳದವರು, ಬುದ್ಧಿಮಾಂದ್ಯರು, ಹೊಟ್ಟೆಪಾಡಿಗೆ ಪರಊರಿಗೆ ಬಂದವರು, ಮೇಲ್ಜಾತಿಯವರ ಹೊಲದಲ್ಲಿ ದುಡಿಯುವ ದಲಿತರು: ರಕ್ಷಣೆ ಎಲ್ಲರಿಗಿಂತ ಹೆಚ್ಚಾಗಿ ಬೇಕಾದ ಇವರೇ ಕೇಳಲು ಬಾಯಿ ಬಾರದವರು. ಇಡೀ ಸಮಸ್ಯೆ ಇರುವುದು ಇಲ್ಲಿ.

ತೆಲಸಂಗದಂಥ ಊರಿನಲ್ಲಿ ಈ ಮಾತು ಇನ್ನಷ್ಟು ನಿಜ. ಅಥಣಿ ತಾಲ್ಲೂಕಿನ ಈ ಹೋಬಳಿಗೆ ಮಹಾರಾಷ್ಟ್ರದ ಜತ್ತ ತಾಲ್ಲೂಕು ಹತ್ತಿರ. ಗಡಿಯ ಆಚೆ ಕನ್ನಡ ಮಾತಾಡುವವರು ಮರಾಠಿಯಲ್ಲಿ ಕಾಗದಪತ್ರ ನಡೆಸುವ ಠಾಣೆ, ಕೋರ್ಟುಗಳಿಗೆ ಅಲೆಯುತ್ತಾರೆ. ಗಡಿಯ ಈಚೆ, ಕಬ್ಬಿನ ಹಂಗಾಮು ಶುರುವಾದರೆ ಸಾಕು, ಮರಾಠವಾಡದ ಕಡೆಯಿಂದ ಬಂದ ಕಬ್ಬು ಕಡಿಯುವ ಟೋಳಿಗಳು ಫಡದ, ಅಂದರೆ ಕಬ್ಬು ಕಡಿಯುವ ಹೊಲದ, ಬದಿಗೆ ಗುಡಿಸಲು ಹಾಕುತ್ತವೆ. ಅವರಿಗೆ ಕನ್ನಡದ ನೋಟಿಸು ಓದಲು ಬರುವುದಿಲ್ಲ. ತೆಲಸಂಗದವರಿಗೆ ವಿಜಯಪುರವೇ ಹತ್ತಿರ, ಆದರೆ ಜಿಲ್ಲಾ ಕೇಂದ್ರ ನೂರು ಕಿಲೋಮೀಟರಿಗಿಂತ ದೂರದ ಬೆಳಗಾವಿ. ದೊಡ್ಡ ಪ್ರಕರಣದ ಸಾಕ್ಷಿಗೆ ಒಂದು ತಾರೀಖು ಎಂದರೆ ಒಂದು ದಿನದ ಪಗಾರ ಹೋಯಿತು, ಬಸ್ಸಿನ ಖರ್ಚು ಮೈಮೇಲೆ ಬಂತು ಎಂದೇ ಲೆಕ್ಕ.

ಠಾಣೆಯಿಂದ ಕರೆ ಬಂದಾಗ

"ಸಾಹೇಬ್ರು ಕರ್ಯಾಕತ್ತಾರ, ಠಾಣೆಗೆ ಬಂದು ಹೋಗು" ಎಂದು ಪೇದೆ ಹೇಳಿ ಹೋದರೆ ನಮ್ಮ ಕಡೆ ಮುದುಕರೂ ಹೆಣ್ಣುಮಕ್ಕಳೂ ಎದ್ದು ಹೊರಡುತ್ತಾರೆ. ಸಾಕ್ಷಿಯಾಗಿ ವಿಚಾರಿಸಬೇಕಿದ್ದರೆ ಹಾಗೆ ಹೋಗಬೇಕಾದ ಅಗತ್ಯವಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನ ಪ್ರಕಾರ ಸಾಕ್ಷಿಯನ್ನು ಕರೆಯುವ ಆದೇಶ ಬರಹದಲ್ಲಿರಬೇಕು. ಹೆಣ್ಣುಮಕ್ಕಳು, 15 ವರ್ಷದೊಳಗಿನ ಹುಡುಗರು, 60 ದಾಟಿದವರು, ದೈಹಿಕ ಅಥವಾ ಮಾನಸಿಕ ಅಂಗವೈಕಲ್ಯವುಳ್ಳವರು, ತೀವ್ರ ಕಾಯಿಲೆಯಲ್ಲಿರುವವರು ಮನೆ ಬಿಟ್ಟು ಬೇರೆಲ್ಲಿಗೂ ಬರಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಪೊಲೀಸರೇ ಅವರ ಮನೆಗೆ ಹೋಗಬೇಕು. ಹಳೆಯ ಕಾಯ್ದೆಯಲ್ಲಿ ವಯಸ್ಸಿನ ಮಿತಿ 65 ಇತ್ತು, ಈಗ ಅದು 60ಕ್ಕೆ ಇಳಿದಿದೆ.

ಇದೇ ಕಲಮಿನ ಬಾಲದಲ್ಲಿ ಒಂದು ಮಾತಿದೆ. ಅಂಥವರು ತಾವಾಗಿಯೇ ಒಪ್ಪಿದರೆ ಠಾಣೆಗೆ ಬರಬಹುದು. ಅಂಜಿಕೆಯಿಂದ ಬಂದವರನ್ನೂ ಒಪ್ಪಿ ಬಂದವರೆಂದು ಬರೆದುಕೊಳ್ಳಲು ಇದು ದಾರಿ ಮಾಡಿಕೊಡುತ್ತದೆ. ಪೇದೆ ಕರೆದಾಗ "ಬರೂದಿಲ್ರಿ, ಮನೀಗೆ ಬಂದು ಕೇಳ್ರಿ" ಎನ್ನುವ ಧೈರ್ಯ ಎಷ್ಟು ಅಜ್ಜಿಯರಿಗಿದೆ?

ಇನ್ನೊಂದು ವಿಷಯ ಪ್ರತಿ ಹಳ್ಳಿಯ ಕಟ್ಟೆಯ ಮೇಲೂ ಚರ್ಚೆಯಾಗಬೇಕು. ತನಿಖೆಯ ವೇಳೆ ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ, ನಮ್ಮ ಕಡೆಯವರು ಜಬಾನಿ ಎನ್ನುವ ಕಾಗದಕ್ಕೆ, ಸಹಿ ಹಾಕಬೇಕಾಗಿಲ್ಲ. ಸಹಿ ಪಡೆಯಕೂಡದು ಎಂದೇ ಸಂಹಿತೆಯ 181ನೇ ಕಲಮು ಹೇಳುತ್ತದೆ. ಪಂಚನಾಮೆಗೆ ಪಂಚರು ಸಹಿ ಹಾಕುವುದು ಬೇರೆ. ಅಲ್ಲಿ ಕೂಡ ಬರೆದದ್ದನ್ನು ಓದಿಸಿಕೊಂಡು ಕೇಳಿದ ಮೇಲೆಯೇ ಸಹಿ. ಖಾಲಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಯಾವ ಕಾಯ್ದೆಯಲ್ಲೂ ಅವಕಾಶವಿಲ್ಲ.

ಸಾಕ್ಷಿಯೆಂದು ಅಲ್ಲದೆ ಆರೋಪಿಯೆಂದೇ ಕರೆದರೆ ನಿಯಮ ಬದಲಾಗುತ್ತದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ, ಬಂಧನ ಅಗತ್ಯವೆನ್ನಲು ಕಾರಣ ಇಲ್ಲದಿದ್ದರೆ, ಪೊಲೀಸರು ಮೊದಲು ಹಾಜರಾಗುವಂತೆ ನೋಟಿಸು ಕೊಡಬೇಕು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾಗಿದ್ದು ಆರೋಪಿ 60 ದಾಟಿದವರೋ ಅಶಕ್ತರೋ ಆಗಿದ್ದರೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ. ಇದು ಹೊಸ ಸಂಹಿತೆ ತಂದ ಒಳ್ಳೆಯ ಬದಲಾವಣೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮಹಿಳೆಯನ್ನು ಬಂಧಿಸುವಂತಿಲ್ಲ. ತೀರ ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಬಂಧಿಸಿದ ಸುದ್ದಿಯನ್ನು ಮನೆಯವರಿಗೋ ಗೆಳೆಯರಿಗೋ ತಿಳಿಸಬೇಕು. ವಿಚಾರಣೆ ಪೂರ್ತಿ ಪಕ್ಕದಲ್ಲಿ ಕೂರದಿದ್ದರೂ ನಡುವೆ ವಕೀಲರನ್ನು ಕಾಣಲು ಬಿಡಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇವುಗಳಲ್ಲಿ ಹಲವಕ್ಕೆ ಗಟ್ಟಿ ಬುನಾದಿ ಹಾಕಿದ್ದು ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪು.

ಗಡಿನಾಡಿನ ನಮಗೆ ಎಲ್ಲಕ್ಕಿಂತ ಹತ್ತಿರದ ತೀರ್ಪು ಬಂದದ್ದು 2025ರ ನವೆಂಬರ್ 6ರಂದು. ಮುಂಬೈನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಬಂಧನದ ಕಾರಣಗಳನ್ನು ಬರಹದಲ್ಲಿ ಕೊಡಬೇಕು, ಅದೂ ಬಂಧಿತರಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು ಎಂದಿತು. ತಕ್ಷಣ ಬರೆದುಕೊಡಲು ಆಗದಿದ್ದರೆ ಬಾಯಲ್ಲಿ ಹೇಳಬಹುದು, ಆದರೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಕಾಗದ ಕೈಗೆ ಸಿಗಬೇಕು. ಅಲ್ಲಿಗೆ ಜತ್ತದ ಠಾಣೆಯಲ್ಲಿ ಸಿಕ್ಕಿಬಿದ್ದ ಕನ್ನಡಿಗ "ಕನ್ನಡದಾಗ ಕೊಡ್ರಿ" ಎನ್ನಬಹುದು. ಅಥಣಿಯ ಫಡದಲ್ಲಿ ಹಿಡಿದ ಬೀಡ ಜಿಲ್ಲೆಯ ಕಾರ್ಮಿಕ ಮರಾಠಿಯಲ್ಲಿ ಕೇಳಬಹುದು. ಗಡಿ ಯಾರದು ಎಂದು ದಶಕಗಳಿಂದ ಜಗಳವಾಡುತ್ತಿರುವ ಎರಡೂ ಕಡೆಯ ಸಂಘಟನೆಗಳು ಈ ಒಂದು ಹಕ್ಕನ್ನು ಜನರಿಗೆ ತಿಳಿಸಿದರೆ ನಿಜವಾದ ಭಾಷಾಸೇವೆಯಾದೀತು.

ಪೊಲೀಸರ ಮುಂದೆ ತಪ್ಪೊಪ್ಪಿಕೊಂಡರೆ ಅದು ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ. ಆ ಹೇಳಿಕೆಯಿಂದ ವಸ್ತುವೇನಾದರೂ ಪತ್ತೆಯಾದರೆ ಅದಕ್ಕೆ ಸಂಬಂಧಿಸಿದ ಭಾಗವಷ್ಟೇ ಲೆಕ್ಕಕ್ಕೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತಪಡಿಸುವಂತಿಲ್ಲ ಎಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಈ ವಿಧಿಗೆ ಹೊಸ ಬಲ ಬಂದದ್ದು ಕರ್ನಾಟಕದ ಹೆಸರಿರುವ ಪ್ರಕರಣದಿಂದಲೇ. ಎರಡು ದಶಕದ ಹಿಂದೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಆರೋಪಿಗೆ ಮತ್ತು ಬರುವ ಮದ್ದು ಚುಚ್ಚಿ ಮಾತಾಡಿಸಿದ ದೃಶ್ಯಗಳು ಟಿವಿಯಲ್ಲಿ ಬರುತ್ತಿದ್ದವು. ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ 2010ರ ಮೇ 5ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ನಕ್ಷೆ ತೆಗೆಯುವುದು ಇವು ಮೂರನ್ನೂ ನಿಷೇಧಿಸಿತು.

ಹುಟ್ಟಿನ ಮೇಲಿನ ಅನುಮಾನ

ಕಳವು ಎಲ್ಲಿಯೇ ಆಗಲಿ, ಮೊದಲು ವಿಚಾರಣೆಗೆ ಎಳೆದು ತರುವುದು ಕೆಲವೇ ಕೇರಿಗಳ ಗಂಡಸರನ್ನು. ಇದಕ್ಕೆ ನಮ್ಮ ಭಾಗದಲ್ಲಿ ಇತಿಹಾಸವಿದೆ. 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ಹೆಸರಿನಲ್ಲಿ ಇಡೀ ಸಮುದಾಯಗಳಿಗೆ ಕಳ್ಳರೆಂಬ ಮುದ್ರೆ ಬಿತ್ತು. ಮುಂಬೈ ಪ್ರಾಂತದ ಕಾಲಕ್ಕೆ ವಿಜಯಪುರ, ಹುಬ್ಬಳ್ಳಿ, ಗದಗಗಳಲ್ಲಿ ಅವರನ್ನು ಕೂಡಿಹಾಕಲು ಸೆಟ್ಲ್‌ಮೆಂಟುಗಳು ಎದ್ದವು. ಹರಣಶಿಕಾರಿ, ಘಂಟಿಚೋರ ಮುಂತಾದ ಸಮುದಾಯದವರು ಅಲ್ಲಿ ಹಾಜರಿ ಹಾಕಿ ಬದುಕಬೇಕಿತ್ತು. ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲ್‌ಮೆಂಟ್ ಎಂಬ ಹೆಸರಿನ ಪ್ರದೇಶ ಇವತ್ತಿಗೂ ಇದೆ. ಕಾಯ್ದೆ 1952ರಲ್ಲಿ ಹೋಯಿತು, ಅನುಮಾನ ಹೋಗಲಿಲ್ಲ. ಠಾಣೆಗಳ ರೌಡಿಪಟ್ಟಿ, ಹಳೆ ಗುನ್ಹೆಗಾರರ ಪಟ್ಟಿಗಳಲ್ಲಿ ಅದು ಉಳಿದುಕೊಂಡಿತು. ಹಿಂದುಳಿದವರು, ಪರಿಶಿಷ್ಟರು, ವಿಮುಕ್ತ ಬುಡಕಟ್ಟಿನವರು ಎಂಬ ಕಾರಣಕ್ಕೆ ಯಾಂತ್ರಿಕವಾಗಿ ಇಂಥ ಪಟ್ಟಿಗೆ ಹೆಸರು ಸೇರಿಸಬಾರದು, ರಾಜ್ಯಗಳು ತಮ್ಮ ನಿಯಮಗಳನ್ನು ಮರುಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಹೇಳಿತು.

ಮಕ್ಕಳ ವಿಷಯದಲ್ಲಿ ಕಾಯ್ದೆ ಇನ್ನೂ ಖಡಕ್ಕಾಗಿದೆ. 18 ತುಂಬದವರನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ವಯಸ್ಸಿನ ತಕರಾರು ಬಂದರೆ ಶಾಲೆಯ ದಾಖಲೆಗೆ ಮೊದಲ ಮಾನ್ಯತೆ, ಅದಿಲ್ಲದಿದ್ದರೆ ಪಂಚಾಯ್ತಿಯೋ ಪುರಸಭೆಯೋ ಕೊಟ್ಟ ಜನನ ಪ್ರಮಾಣಪತ್ರಕ್ಕೆ, ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಕಬ್ಬಿನ ಟೋಳಿಯ ಜೊತೆ ಊರೂರು ಅಲೆಯುವ ಹುಡುಗನಿಗೆ ಈ ಮೂರರಲ್ಲಿ ಮೊದಲಿನ ಎರಡೂ ಸಿಗುವುದು ಕಷ್ಟ. ನೋಡಲು ದೊಡ್ಡವನಂತೆ ಕಾಣುತ್ತಾನೆಂದು 19 ಎಂದು ಬರೆದುಕೊಂಡರೆ ಅವನು ಸೀದಾ ದೊಡ್ಡವರ ಜೈಲಿಗೆ ಹೋಗುತ್ತಾನೆ. ಮಕ್ಕಳ ಜನನ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ ಎಂದು ಅಂಗನವಾಡಿಯವರು ಹೇಳುವುದರ ಹಿಂದೆ ಹೀಗೊಂದು ಲಾಭವೂ ಇದೆ.

ಮಾನಸಿಕ ಅಸ್ವಸ್ಥತೆ ಅಥವಾ ಬುದ್ಧಿಮಾಂದ್ಯತೆ ಇರುವ ಆರೋಪಿಯ ಪ್ರಕರಣದಲ್ಲಿ, ಆತ ತನ್ನ ಪರವಾಗಿ ವಾದ ಮಾಡಿಕೊಳ್ಳಲು ಶಕ್ತನೇ ಎಂಬುದನ್ನು ನ್ಯಾಯಾಲಯ ಮೊದಲು ವೈದ್ಯರಿಂದ ತಿಳಿದುಕೊಳ್ಳಬೇಕು. ಬುದ್ಧಿ ಸರಿಯಿದ್ದೂ ಕಿವುಡುತನ, ಮೂಕತನದಂಥ ಕಾರಣದಿಂದ ನಡಾವಳಿ ಅರ್ಥವಾಗದವರಿಗೆ ಶಿಕ್ಷೆಯಾಗುವುದಾದರೆ ಕಡತ ಹೈಕೋರ್ಟಿಗೆ ಹೋಗಿ ಅಲ್ಲಿಂದ ಆದೇಶ ಬರಬೇಕು. ಆದರೆ ಊರಿನಲ್ಲಿ "ಸ್ವಲ್ಪ ತಿಕ್ಕಲು" ಎಂದು ಎಲ್ಲರಿಗೂ ಗೊತ್ತಿರುವ ವ್ಯಕ್ತಿಯ ಬಗ್ಗೆ ನ್ಯಾಯಾಧೀಶರಿಗೆ ಹೇಳುವವರು ಬೇಕು. ಆ ಮಾತನ್ನು ಮನೆಯವರೋ ವಕೀಲರೋ ಮೊದಲ ದಿನವೇ ಬಾಯಿಬಿಟ್ಟು ಹೇಳದಿದ್ದರೆ ಕಾಯ್ದೆಯ ಈ ಬಾಗಿಲು ತೆರೆಯುವುದೇ ಇಲ್ಲ.

ಸಾಕ್ಷಿಯ ಅಂಜಿಕೆ

"ನಮ್ಮ ಹೊಲದ ದಾರಿ ಅವರ ಹೊಲದಾಗ ಹಾಸಿ ಹೋಗತೈತ್ರಿ. ನಾ ಹೆಂಗ ಸಾಕ್ಷಿ ಹೇಳ್ಲಿ?" ಸಾಕ್ಷಿ ಹೇಳಲು ಕರೆದಾಗ ನಮ್ಮ ಹಳ್ಳಿಗಳಲ್ಲಿ ಬರುವ ಉತ್ತರ ಹೀಗಿರುತ್ತದೆ. ದಾರಿ, ನೀರು, ಸಾಲ, ಕೂಲಿ ಈ ನಾಲ್ಕರಲ್ಲಿ ಒಂದಾದರೂ ಆರೋಪಿಯ ಕೈಯಲ್ಲಿರುವಾಗ ಸಾಕ್ಷಿ ಉಲ್ಟಾ ಹೊಡೆಯುವುದು ಅಚ್ಚರಿಯೇನಲ್ಲ.

ಇದರ ಬೆಲೆ ಎಷ್ಟೆಂದು ಕರ್ನಾಟಕಕ್ಕೆ ಕಂಬಾಲಪಲ್ಲಿ ಕಲಿಸಿತು. ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ದೇಶವೇ ಬೆಚ್ಚಿಬಿದ್ದ ಪ್ರಕರಣ. 2006ರ ಡಿಸೆಂಬರಿನಲ್ಲಿ ತೀರ್ಪು ಬಂದಾಗ ಆರೋಪಿಗಳೆಲ್ಲ ಬಿಡುಗಡೆಯಾದರು. ಸಾಕ್ಷಿಗಳು ಪ್ರತಿಕೂಲವಾಗಿದ್ದರು. 2014ರಲ್ಲಿ ಹೈಕೋರ್ಟ್ ಆ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ಸುಳ್ಳಲ್ಲ, ಆದರೆ ಕಾನೂನಿನ ಲೆಕ್ಕದಲ್ಲಿ ಅವರನ್ನು ಕೊಂದವರು ಯಾರೂ ಇಲ್ಲ. ಇದಕ್ಕೆ ಎದುರಾಗಿ ಕೊಪ್ಪಳ ಜಿಲ್ಲೆಯ ಮರಕುಂಬಿಯನ್ನು ನೋಡಿ. 2014ರ ಆಗಸ್ಟ್‌ನಲ್ಲಿ ದಲಿತ ಕೇರಿಯ ಮೇಲೆ ನಡೆದ ದಾಳಿಗೆ ಕೊಪ್ಪಳದ ಸೆಷನ್ಸ್ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ 101 ಮಂದಿಯನ್ನು ಶಿಕ್ಷಿಸಿತು, ಅವರಲ್ಲಿ 98 ಮಂದಿಗೆ ಜೀವಾವಧಿ. ಬಹುತೇಕರಿಗೆ ಆನಂತರ ಹೈಕೋರ್ಟಿನ ಧಾರವಾಡ ಪೀಠ ಜಾಮೀನು ಕೊಟ್ಟಿತು. ಅಂತಿಮ ಫಲ ಏನೇ ಬರಲಿ, ಹತ್ತು ವರ್ಷ ಮಾತಿಗೆ ನಿಂತ ಸಾಕ್ಷಿಗಳಿಲ್ಲದೆ ಇಂಥ ತೀರ್ಪು ಹುಟ್ಟುವುದಿಲ್ಲ.

ಈ ಎರಡು ತೀರ್ಪುಗಳ ನಡುವಿನ ವರ್ಷಗಳಲ್ಲಿ ಕಾಯ್ದೆಯೂ ಬದಲಾಯಿತು. ಪರಿಶಿಷ್ಟ ಜಾತಿ ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ ತಂದ ತಿದ್ದುಪಡಿ 2016ರ ಜನವರಿಯಲ್ಲಿ ಜಾರಿಗೆ ಬಂತು. ಅದರ 15ಎ ಕಲಮು ಸಂತ್ರಸ್ತರು, ಅವರ ಅವಲಂಬಿತರು ಮತ್ತು ಸಾಕ್ಷಿಗಳಿಗೆ ರಕ್ಷಣೆ, ಪ್ರಯಾಣ ಮತ್ತು ನಿರ್ವಹಣೆಯ ವೆಚ್ಚ, ಬೇಕಾದರೆ ಬೇರೆ ಊರಿನಲ್ಲಿ ವಾಸ ಇವನ್ನೆಲ್ಲ ಸರ್ಕಾರದ ಹೊಣೆಯಾಗಿಸಿತು. ಮಿಕ್ಕ ಪ್ರಕರಣಗಳ ಸಾಕ್ಷಿಗಳಿಗೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆ ಬಂತು. ದೇವಮಾನವ ಎನಿಸಿಕೊಂಡಿದ್ದ ಆಸಾರಾಂ ವಿರುದ್ಧದ ಅತ್ಯಾಚಾರ ಪ್ರಕರಣದ ಸಾಕ್ಷಿಗಳ ಮೇಲೆ ಒಂದರ ಹಿಂದೆ ಒಂದು ಹಲ್ಲೆಯಾದಾಗ, ಹಲ್ಲೆಗೊಳಗಾದವರೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಮೂರ್ತಿ ಎ.ಕೆ. ಸಿಕ್ರಿ ಮತ್ತು ನಮ್ಮವರೇ ಆದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರ ಪೀಠ 2018ರ ಡಿಸೆಂಬರ್ 5ರಂದು ಆ ಯೋಜನೆಯನ್ನು ಅನುಮೋದಿಸಿ, ಸಂಸತ್ತು ಕಾಯ್ದೆ ಮಾಡುವವರೆಗೆ ದೇಶದೆಲ್ಲೆಡೆ ಇದೇ ಕಾನೂನು ಎಂದಿತು. ಈಗ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಮು ಪ್ರತಿ ರಾಜ್ಯವೂ ಇಂಥ ಯೋಜನೆ ಪ್ರಕಟಿಸಲೇಬೇಕು ಎನ್ನುತ್ತದೆ.

2018ರ ಯೋಜನೆ ಹೀಗಿದೆ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ ಇರುತ್ತದೆ. ಜಿಲ್ಲೆಯ ಪೊಲೀಸ್ ಮುಖ್ಯಸ್ಥರು ಸದಸ್ಯರು, ಸರ್ಕಾರಿ ಅಭಿಯೋಜನೆಯ ಮುಖ್ಯಸ್ಥರು ಸದಸ್ಯ ಕಾರ್ಯದರ್ಶಿ. ಸಾಕ್ಷಿಯೋ ಮನೆಯವರೋ ವಕೀಲರೋ ತನಿಖಾಧಿಕಾರಿಯೋ ಯಾರು ಬೇಕಾದರೂ ಅರ್ಜಿ ಕೊಡಬಹುದು. ಬೆದರಿಕೆ ಎಷ್ಟು ನಿಜ ಎಂಬ ಬಗ್ಗೆ ಉಪವಿಭಾಗದ ಪೊಲೀಸ್ ಅಧಿಕಾರಿ ಐದು ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ವರದಿ ಬಂದ ಐದು ದಿನಗಳಲ್ಲಿ ಅರ್ಜಿ ಇತ್ಯರ್ಥವಾಗಬೇಕು. ಅವಸರವಿದ್ದರೆ ನಡುವೆಯೇ ತಾತ್ಕಾಲಿಕ ರಕ್ಷಣೆ ಸಿಗುತ್ತದೆ. ಮನೆ ಸುತ್ತ ಗಸ್ತು, ಮನೆಗೆ ಸಿಸಿಟಿವಿ, ಕೆಲವು ದಿನ ಬೇರೆಡೆ ವಾಸ, ಕೋರ್ಟಿಗೆ ಹೋಗಿಬರಲು ವಾಹನ ಮತ್ತು ಬೆಂಗಾವಲು, ಹೆಸರು ಗುಟ್ಟಾಗಿಡುವುದು ಇವೆಲ್ಲ ಆದೇಶದಲ್ಲಿ ಇರಬಹುದು. ಆದೇಶದ ಅವಧಿ ಒಂದು ಸಲಕ್ಕೆ ಮೂರು ತಿಂಗಳಿಗೆ ಮೀರಬಾರದು, ಮುಂದುವರಿಸಲು ಅಡ್ಡಿಯಿಲ್ಲ. ಮರಣದಂಡನೆ, ಜೀವಾವಧಿ ಅಥವಾ ಏಳು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಿಗೂ ಹೆಣ್ಣುಮಕ್ಕಳ ಮಾನಕ್ಕೆ ಕೈಹಾಕುವ ಕೆಲವು ಅಪರಾಧಗಳಿಗೂ ಯೋಜನೆ ಅನ್ವಯಿಸುತ್ತದೆ. ಅಷ್ಟಕ್ಕೆ ಸೇರದ ಹೊಲದ ಬದುವಿನ ಹೊಡೆದಾಟಗಳ ಸಾಕ್ಷಿಗಳು ಇದರ ಹೊರಗೇ ಉಳಿಯುತ್ತಾರೆ. ಹಳ್ಳಿಯಲ್ಲಿ ನಿತ್ಯ ನಡೆಯುವ ಜಗಳ ಮಾತ್ರ ಅದೇ.

ಸಂತ್ರಸ್ತೆಯೇ ಮುಖ್ಯ ಸಾಕ್ಷಿಯಾದಾಗ ರಕ್ಷಣೆ ಬೇಕಾಗುವುದು ಆರೋಪಿಗಳಿಂದಷ್ಟೇ ಅಲ್ಲ. 2023ರ ಡಿಸೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಹೊಸ ವಂಟಮೂರಿಯಲ್ಲಿ, ಮಗ ಪ್ರೀತಿಸಿದ ಹುಡುಗಿಯೊಂದಿಗೆ ಊರು ಬಿಟ್ಟ ಎಂಬ ಸಿಟ್ಟಿಗೆ ತಾಯಿಯನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿದ ಘಟನೆ ನಡೆಯಿತು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಆಸ್ಪತ್ರೆಯ ಹಾಸಿಗೆಯ ಸುತ್ತ ರಾಜಕಾರಣಿಗಳು, ನಿಯೋಗಗಳು, ಕ್ಯಾಮೆರಾಗಳು ನೆರೆಯತೊಡಗಿದಾಗ, ವೈದ್ಯಾಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಹೊರಗಿನ ಯಾರೂ ಆಕೆಯನ್ನು ಕಾಣಬಾರದೆಂದು ಆಗಿನ ಮುಖ್ಯ ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ ಅವರ ಪೀಠ ಆದೇಶಿಸಿತು. ಅನುಕಂಪದ ಹೆಸರಿನಲ್ಲಿ ಬರುವ ಜಾತ್ರೆಯೂ ಸಾಕ್ಷಿಯನ್ನು ಕುಗ್ಗಿಸುತ್ತದೆ ಎಂಬುದನ್ನು ನ್ಯಾಯಾಲಯ ಗುರುತಿಸಿದ್ದು ಇಲ್ಲಿ ಮುಖ್ಯ. ಆಕೆ ರಕ್ಷಣೆ ಕೇಳುವ ಸ್ಥಿತಿಯಲ್ಲಿರಲಿಲ್ಲ, ಕೇಳದೆಯೇ ನ್ಯಾಯಾಲಯ ಕೊಟ್ಟಿತು. ಎಲ್ಲ ಪ್ರಕರಣಗಳೂ ಹೈಕೋರ್ಟಿನ ಕಣ್ಣಿಗೆ ಬೀಳುವುದಿಲ್ಲ.

ಪರದೆಯ ಆಚೆ, ಈಚೆ

ಎಂಟು ವರ್ಷದ ಹುಡುಗಿಯೊಬ್ಬಳು ಸಾಕ್ಷಿ ಹೇಳಬೇಕು ಎಂದುಕೊಳ್ಳಿ. ಹಳೆಯ ಪದ್ಧತಿಯಲ್ಲಾದರೆ ಕೋರ್ಟಿನ ಪಡಸಾಲೆಯಲ್ಲಿ ದಿನವಿಡೀ ಕಾಯಬೇಕು, ಅದೇ ಪಡಸಾಲೆಯಲ್ಲಿ ಆರೋಪಿಯೂ ಅವನ ಕಡೆಯವರೂ ಓಡಾಡುತ್ತಾರೆ. ಹೆಸರು ಕೂಗಿದಾಗ ಕಟಕಟೆಯಲ್ಲಿ ನಿಂತು, ಕರಿಕೋಟಿನ ಗಂಡಸರ ನಡುವೆ, ಆದದ್ದನ್ನೆಲ್ಲ ಮತ್ತೆ ಹೇಳಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆ ಇದನ್ನು 2012ರಲ್ಲೇ ಬದಲಿಸಿತು. ಹೇಳಿಕೆ ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು, ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳಬಾರದು. ನ್ಯಾಯಾಲಯದಲ್ಲಿ ಎರಡೂ ಕಡೆಯ ವಕೀಲರು ತಮ್ಮ ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ಕೊಡಬೇಕು. ಮಗುವನ್ನು ಕೇಳುವವರು ನ್ಯಾಯಾಧೀಶರು, ಅದೂ ಮಗುವಿಗೆ ತಿಳಿಯುವ ಮಾತಿನಲ್ಲಿ. ನಡುವೆ ಬಿಡುವು ಕೊಡಬೇಕು, ಮತ್ತೆ ಮತ್ತೆ ಕರೆಸಬಾರದು. ಮಗುವಿನ ಸಾಕ್ಷ್ಯ, ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಂಡ 30 ದಿನಗಳಲ್ಲಿ ದಾಖಲಾಗಬೇಕು.

ದುರ್ಬಲ ಸಾಕ್ಷಿಗಳ ಹೇಳಿಕೆ ಪಡೆಯಲೆಂದೇ ಕಟ್ಟಿದ ಸಾಕ್ಷ್ಯ ಕೇಂದ್ರದಲ್ಲಿ ಸಾಕ್ಷಿಗೆ ಬೇರೆ ಬಾಗಿಲು, ಬೇರೆ ಕಾಯುವ ಕೋಣೆ. ಕೋಣೆಯಲ್ಲಿ ಆಟಿಕೆಗಳು, ಕುಡಿಯಲು ನೀರು, ಜೊತೆಗೆ ಕೂರಲು ಮಗು ನಂಬುವ ಒಬ್ಬರು. ಆರೋಪಿ ಪರದೆಯ ಆಚೆಯೋ ಒಂದೇ ಕಡೆಯಿಂದ ಕಾಣುವ ಗಾಜಿನ ಹಿಂದೆಯೋ ಇರುತ್ತಾನೆ. ಅವನು ಮಗುವಿನ ಮಾತನ್ನು ಪೂರ್ತಿ ಕೇಳುತ್ತಾನೆ, ತನ್ನ ವಕೀಲರಿಗೆ ಸೂಚನೆ ಕೊಡುತ್ತಾನೆ. ಮಗುವಿಗೆ ಮಾತ್ರ ಅವನ ಮುಖ ಕಾಣುವುದಿಲ್ಲ. ಪಾಟೀಸವಾಲಿನ ಹಕ್ಕು ಆರೋಪಿಯದು, ಎದುರು ನಿಂತು ದುರುಗುಟ್ಟಿ ನೋಡುವುದು ಯಾವ ಹಕ್ಕೂ ಅಲ್ಲ.

ಇಂಥ ಕೇಂದ್ರಗಳು ಬಂದದ್ದರ ಹಿಂದೆ ಮಹಾರಾಷ್ಟ್ರದ ಎರಡು ಪ್ರಕರಣಗಳಿವೆ. ಕಿವಿ ಕೇಳದ, ಮಾತು ಬಾರದ, ಬುದ್ಧಿಮಾಂದ್ಯ ಹುಡುಗಿಯ ಮೇಲೆ ಅತ್ಯಾಚಾರವಾದ ಪ್ರಕರಣದಲ್ಲಿ, ಆಕೆಯನ್ನು ಸಾಕ್ಷಿಯಾಗಿ ವಿಚಾರಿಸಿಲ್ಲ ಎಂಬ ಕಾರಣಕ್ಕೆ ಹೈಕೋರ್ಟ್ ಆರೋಪಿಯನ್ನು ಬಿಟ್ಟಿತ್ತು. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿ, ಪ್ರತಿ ಹೈಕೋರ್ಟಿನ ವ್ಯಾಪ್ತಿಯಲ್ಲೂ ಕನಿಷ್ಠ ಎರಡು ಸಾಕ್ಷ್ಯ ಕೇಂದ್ರಗಳು ಬೇಕು ಎಂದಿತು. ಮರುವರ್ಷ ಸಾಕ್ಷಿ ಸಂರಕ್ಷಣೆಯ ತೀರ್ಪು ಅದನ್ನು ಪ್ರತಿ ಜಿಲ್ಲೆಗೂ ವಿಸ್ತರಿಸಿತು. 2022ರ ಜನವರಿ 11ರಂದು ಸ್ಮೃತಿ ತುಕಾರಾಂ ಬಡಾಡೆ ಪ್ರಕರಣದಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ, ಈ ಸೌಲಭ್ಯ ಮಕ್ಕಳಿಗೆ ಮಾತ್ರ ಸೀಮಿತವಲ್ಲ ಎಂದು ಸ್ಪಷ್ಟಪಡಿಸಿತು. ಲೈಂಗಿಕ ದೌರ್ಜನ್ಯಕ್ಕೊಳಗಾದವರು ಯಾವ ವಯಸ್ಸಿನವರಾಗಲಿ, ಗಂಡಾಗಲಿ ಹೆಣ್ಣಾಗಲಿ, ಮಾನಸಿಕ ಕಾಯಿಲೆಯುಳ್ಳವರಾಗಲಿ, ಅಂಗವಿಕಲರಾಗಲಿ, ಬೆದರಿಕೆಯಲ್ಲಿರುವವರಾಗಲಿ, ದುರ್ಬಲರೆಂದು ನ್ಯಾಯಾಲಯಕ್ಕೆ ಕಂಡ ಬೇರೆ ಯಾರೇ ಆಗಲಿ, ಇದು ಅವರಿಗೂ ಸಲ್ಲಬೇಕು.

ಅಂಗವಿಕಲರ ಮಾತು ಕಡಿಮೆ ತೂಕದ್ದೆಂಬ ಭಾವನೆಯನ್ನೂ ನ್ಯಾಯಾಲಯ ಕಿತ್ತುಹಾಕಿದೆ. ಆಂಧ್ರದ ದಲಿತ ಹೆಣ್ಣುಮಗಳೊಬ್ಬರಿಗೆ ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ತನ್ನ ಮೇಲೆ ಅತ್ಯಾಚಾರವೆಸಗಿದವನನ್ನು ಅವರು ದನಿಯಿಂದ ಗುರುತಿಸಿದ್ದರು. ಕಣ್ಣಿದ್ದವರು ಮುಖ ಗುರುತಿಸಿದಷ್ಟೇ ಬೆಲೆ ಅದಕ್ಕಿದೆ ಎಂದು 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸನ್ನೆಭಾಷೆ ಬಲ್ಲವರನ್ನೋ ವಿಶೇಷ ಶಿಕ್ಷಕರನ್ನೋ ಕರೆಸಿ, ವಿಡಿಯೊ ಚಿತ್ರೀಕರಣದೊಂದಿಗೆ ಹೇಳಿಕೆ ಪಡೆಯುವ ಹೊಣೆ ಪೊಲೀಸರದು ಮತ್ತು ಮ್ಯಾಜಿಸ್ಟ್ರೇಟರದು.

ಒಂದು ಆಕ್ಷೇಪ

ಇಷ್ಟೆಲ್ಲ ರಕ್ಷಣೆ ಕೊಟ್ಟರೆ ಕಳ್ಳರು ತಪ್ಪಿಸಿಕೊಳ್ಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇದೇ ಪ್ರಶ್ನೆಯ ಸುತ್ತ ಯೋಚಿಸಿದವರು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ. ಅವರ ಸಮಿತಿ 2003ರಲ್ಲಿ ಕೇಂದ್ರಕ್ಕೆ ಕೊಟ್ಟ ವರದಿ ಸಾಕ್ಷಿಗಳ ವಿಷಯದಲ್ಲಿ ತುಂಬ ಮಾನವೀಯವಾಗಿತ್ತು. ಸಾಕ್ಷಿಗೆ ಕೂರಲು ಜಾಗ, ನೀರು, ಶೌಚಾಲಯ ಬೇಕು, ಭತ್ಯೆ ಅಂದೇ ಕೈಗೆ ಸಿಗಬೇಕು, ರಕ್ಷಣೆಗೆ ಕಾಯ್ದೆ ಬೇಕು ಎಂದಿತ್ತು. ಅದೇ ವರದಿ ಆರೋಪಿಯ ಮೌನದಿಂದ ನ್ಯಾಯಾಲಯ ಅರ್ಥ ತೆಗೆಯಬಹುದು, ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿಸಬಹುದು ಎಂದೂ ಶಿಫಾರಸು ಮಾಡಿತು. ಮೊದಲ ಭಾಗ ಸರಿ, ಎರಡನೆಯದು ತಪ್ಪು. ಹೊಸ ಸಾಕ್ಷ್ಯ ಕಾಯ್ದೆ ಎರಡನೆಯದನ್ನು ಒಪ್ಪದೆ ಬಿಟ್ಟದ್ದು ಒಳ್ಳೆಯದಾಯಿತು.

ಏಕೆಂದರೆ ಹಳ್ಳಿಯಲ್ಲಿ ದುರ್ಬಲ ಸಾಕ್ಷಿ, ದುರ್ಬಲ ಆರೋಪಿ ಎಂದು ಎರಡು ಜಾತಿ ಇಲ್ಲ. ಇಬ್ಬರೂ ಒಂದೇ ಕೇರಿಯವರು, ಎಷ್ಟೋ ಸಲ ಒಬ್ಬರೇ. ಕುಶಾಲನಗರದ ಕಾರ್ಮಿಕ ಫಿರ್ಯಾದಿಯಾಗಿ ಠಾಣೆಗೆ ಹೋದವರು. ಇಂದು ಸಾಕ್ಷಿಯಿಂದ ಬೆದರಿಸಿ ಹೇಳಿಕೆ ಪಡೆಯುವ ಪದ್ಧತಿ ನಾಳೆ ಆರೋಪಿಯಿಂದ ತಪ್ಪೊಪ್ಪಿಗೆ ಪಡೆಯುತ್ತದೆ. ತಪ್ಪು ಮನುಷ್ಯ ಜೈಲಿಗೆ ಹೋದಷ್ಟು ದಿನವೂ ತಪ್ಪು ಮಾಡಿದವನು ಊರಲ್ಲೇ ಇರುತ್ತಾನೆ. ಬೆಟ್ಟದಪುರದಲ್ಲಿ ಸಿಕ್ಕಿದ್ದೂ ಯಾರೋ ಒಬ್ಬರ ಅಸ್ಥಿಪಂಜರವೇ. ಅದು ಆ ಹೆಣ್ಣುಮಗಳದ್ದೇ ಎಂದು ಗಂಟು ಹಾಕಿದ ದಿನದಿಂದ, ನಿಜವಾಗಿ ಅದು ಯಾರದು ಎಂಬ ಹುಡುಕಾಟ ನಿಂತುಹೋಯಿತು.

ಹಾಗಾದರೆ ಆಗಬೇಕಾದ್ದೇನು? ಸರ್ಕಾರ ಹೊಸ ಕಾಯ್ದೆ ಮಾಡಬೇಕಾದ್ದು ಬಹಳ ಇಲ್ಲ. ಇರುವ ಹಕ್ಕುಗಳನ್ನು ಕೇಳದೆಯೇ ಕೊಡುವ ವ್ಯವಸ್ಥೆ ಬೇಕು. ಪ್ರತಿ ಠಾಣೆಯ ಬಾಗಿಲಲ್ಲಿ, ಪ್ರತಿ ಗ್ರಾಮ ಪಂಚಾಯ್ತಿಯ ಗೋಡೆಯಲ್ಲಿ, ಸಕ್ಕರೆ ಕಾರ್ಖಾನೆಗಳ ತೂಕದ ಕಟ್ಟೆಯ ಹತ್ತಿರ ಕನ್ನಡ ಮತ್ತು ಮರಾಠಿ ಎರಡರಲ್ಲೂ ದೊಡ್ಡ ಅಕ್ಷರದ ಫಲಕ ಬೇಕು. ಠಾಣೆಗಳಲ್ಲೆಲ್ಲ ಸಿಸಿಟಿವಿ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಹೇಳಿದ್ದು ಕಾಗದದಲ್ಲಿ ಉಳಿಯಬಾರದು. ತೆಲಸಂಗದ ಸಾಕ್ಷಿ ಬೆಳಗಾವಿಯವರೆಗೆ ಹೋಗದೆ ಅಥಣಿಯಲ್ಲೇ ಕುಳಿತು ವಿಡಿಯೊ ಮೂಲಕ ಸಾಕ್ಷಿ ಹೇಳಲು ಕಾನೂನಿನ ಅಡ್ಡಿಯಿಲ್ಲ. ಅದಕ್ಕೊಂದು ಕೋಣೆಯನ್ನು, ಅದನ್ನು ನೋಡಿಕೊಳ್ಳುವ ಮನುಷ್ಯರನ್ನು ಮೀಸಲಿಡಬೇಕಷ್ಟೆ.

ಓದುಗರಿಗೆ ಒಂದು ಮಾತು. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಇವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಅಥಣಿಯ ನ್ಯಾಯಾಲಯದ ಆವರಣದಲ್ಲೇ ಇದೆ. ದೂರವಾಣಿ ಸಂಖ್ಯೆ 15100, ಕರೆಗೆ ಖರ್ಚಿಲ್ಲ. ಈ ಅಂಕಿಯನ್ನು ಮನೆಯ ಗೋಡೆಗೆ ಬರೆದಿಡಿ, ಓದು ಬಾರದ ನೆರೆಯವರಿಗೆ ಬಾಯಿಪಾಠ ಮಾಡಿಸಿ. ಠಾಣೆಯಿಂದ ಕರೆ ಬಂದ ದಿನ ಯಾರ ಬಾಯಲ್ಲಾದರೂ ಮೊದಲು ಬರಬೇಕಾದ ಮಾತು ಇಷ್ಟೇ: "ನೋಟಿಸ್ ಬರದ ಕೊಡ್ರಿ, ನಮ್ಮ ವಕೀಲರು ಬರ್ತಾರ್ರಿ."